ಘಟ್ಟದ ದಾರಿಯೂ ಗಣಕದ ಸಲಹೆಯೂ

ಮಳೆಗಾಲ ಬಂದಿತೆಂದರೆ ಶಿರಾಡಿ ಘಟ್ಟದ ಸುದ್ದಿಯಿಲ್ಲದೆ ಪತ್ರಿಕೆ ಹೊರಡುವುದು ಅಪೂರ್ವ. ೨೦೧೮ರಲ್ಲಿ ಕಾಂಕ್ರೀಟು ಕೆಲಸಕ್ಕಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಈ ರಸ್ತೆಯು ಜುಲೈಯಲ್ಲಿ ತೆರೆಯಿತು; ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಅದೇ ತಿಂಗಳು ಜೋಡುಪಾಲದ ಬಳಿ ಸಂಪಾಜೆಯ ದಾರಿಯೂ ಕಡಿದುಹೋಯಿತು. ೨೦೨೪ರ ಜುಲೈಯಲ್ಲಿ ಸಕಲೇಶಪುರದಾಚೆಯ ದೊಡ್ಡತಪ್ಪಲಿನಲ್ಲಿ ಪುನಃ ಕುಸಿತ. ಮಂಗಳೂರಿನಿಂದ ಬೆಂಗಳೂರಿಗೆ ಸರಕು ಸಾಗಿಸುವ ಲಾರಿಯ ಮಾಲೀಕನು ಇಂತಹ ದಿನಗಳಲ್ಲಿ ಮಾಡತಕ್ಕುದೇನು? ಕಾಯಬೇಕೋ, ಸುತ್ತುದಾರಿ ಹಿಡಿಯಬೇಕೋ, ಬಾಡಿಗೆಯನ್ನೇ ಬಿಡಬೇಕೋ?

ಈ ಸಂದಿಗ್ಧದಲ್ಲಿ ನೆರವಾಗುವ ಗಣಕ ಸಾಧನಗಳು ಇಂದು ದೊರೆಯುತ್ತವೆ. ಅವುಗಳನ್ನು ಜ್ಯೋತಿಷ್ಯವೆಂದು ಬಗೆಯಲಾಗದು. ನಾಳೆ ಗುಡ್ಡ ಕುಸಿಯುವುದೋ ಇಲ್ಲವೋ ಎಂಬುದನ್ನು ಅವು ಹೇಳಲಾರವು. ಕುಸಿದರೆ ಒಂದೊಂದು ದಾರಿಯಲ್ಲಿ ಡೀಸೆಲ್ಲಿಗೆಷ್ಟು, ಟೋಲಿಗೆಷ್ಟು, ಚಾಲಕನ ಬಾಟಾ ಎಷ್ಟು, ಕೆಡುವ ಸರಕಿನ ನಷ್ಟವೆಷ್ಟು; ಕುಸಿಯದಿದ್ದರೆ ಎಷ್ಟು; ಯಾವ ನಿರ್ಧಾರವು ಎರಡು ಪಕ್ಷದಲ್ಲಿಯೂ ಮನೆ ಮುಳುಗಿಸದು, ಇಷ್ಟನ್ನು ಲೆಕ್ಕಹಾಕಿ ಮುಂದಿಡುತ್ತವೆ. ಈ ವಿದ್ಯೆ ಹೊಸದೂ ಅಲ್ಲ. ಪ್ರಯಾಣಿಕರ ಸಂಖ್ಯೆ ಅನಿಶ್ಚಿತವಾಗಿರುವಾಗ ಯಾವ ಮಾರ್ಗಕ್ಕೆ ಎಷ್ಟು ವಿಮಾನ ಹಾಕಬೇಕೆಂಬ ಗಣಿತವನ್ನು ಅಮೆರಿಕೆಯ ಫರ್ಗೂಸನ್ ಮತ್ತು ಡಾಂಟ್ಸಿಗ್ ಎಂಬವರು ೧೯೫೬ರಲ್ಲಿಯೇ ಪ್ರಕಟಿಸಿದ್ದರು.

ಆದರೆ ಇದರ ಫಲವುಣ್ಣುವವರು ಯಾರು? ನೂರಾರು ವಾಹನಗಳುಳ್ಳ ಕಂಪೆನಿಗೆ ಗಣಕವೂ ಉಂಟು, ಗಣಿತಜ್ಞನೂ ಉಂಟು. ನಮ್ಮ ದೇಶದ ಲಾರಿ ಮಾಲೀಕರಲ್ಲಿ ಬಹುಮಂದಿಯಾದರೋ ಐದಕ್ಕಿಂತ ಕಡಿಮೆ ಲಾರಿಯುಳ್ಳವರು. ಸಾಲದ ಕಂತು ತಲೆಯ ಮೇಲಿರುವ ಇವರಿಗೆ ಇರುವ ಸಾಧನವು ಎದುರಿನಿಂದ ಬರುವ ಚಾಲಕನ ಫೋನೊಂದೇ. (ಅದನ್ನು ನಾವು ಹಗುರವಾಗಿ ಕಾಣುತ್ತಿಲ್ಲ, ಗುಂಡ್ಯದಲ್ಲಿ ಲಾರಿಗಳು ಸಾಲುಗಟ್ಟಿದ ಸುದ್ದಿಯನ್ನು ಸರಕಾರಿ ಪ್ರಕಟನೆಗಿಂತ ಮೊದಲು ಅದು ತಂದೀತು.) ಇನ್ನು ಸರಕು ಹುಡುಕಿಕೊಡುವ ದಲಾಲರ ಗಣಕವನ್ನೇ ನಂಬಿದರೆ, ಅದರ ಲೆಕ್ಕವು ದಲಾಲರ ಲಾಭದ ಕಡೆಗೆ ವಾಲೀತೆಂಬ ಶಂಕೆ ಅಸಹಜವಲ್ಲ.

ಒಂದು ಲಾರಿಯ ಹಳೆಯ ಪ್ರಯಾಣಗಳಿಂದ ಯಾವ ಅಂದಾಜೂ ಹುಟ್ಟದು. ಸಾವಿರ ಲಾರಿಗಳದನ್ನು ಕೂಡಿಸಿದರೆ ಹುಟ್ಟೀತು. ಆದುದರಿಂದ ಲಾರಿ ಮಾಲೀಕರ ಸಂಘಗಳು ತಮ್ಮ ಸದಸ್ಯರ ಪ್ರಯಾಣದ ಲೆಕ್ಕಗಳನ್ನು ಒಟ್ಟುಮಾಡಿ, ಸಹಕಾರ ತತ್ತ್ವದ ಮೇಲೆ ಸ್ವಂತ ಸಾಧನವೊಂದನ್ನು ಕೊಳ್ಳಬೇಕು. ಸರಕಾರವೂ ಸುಮ್ಮನಿರಲಾಗದು. ಹಾಸನದ ಜಿಲ್ಲಾಧಿಕಾರಿಯ ಆಜ್ಞೆ ಒಂದೆಡೆ, ದಕ್ಷಿಣ ಕನ್ನಡದ್ದು ಇನ್ನೊಂದೆಡೆ ಹುಡುಕುವಂತಾಗದೆ, ಎಲ್ಲ ಘಟ್ಟಗಳ ಸ್ಥಿತಿಯೂ, ಭಾರದ ಮಿತಿಯೂ, ಸಂಚಾರದ ವೇಳೆಯೂ ಒಂದೇ ಕಡೆ, ಗಂಟೆಗಂಟೆಗೆ, ಗಣಕವೂ ಚಾಲಕನೂ ಓದಬಲ್ಲಂತೆ ಕನ್ನಡದಲ್ಲಿ ಪ್ರಕಟವಾಗತಕ್ಕುದು. ಇದಕ್ಕೆ ಸುರಂಗ ಕೊರೆಯಬೇಕಾಗಿಲ್ಲ, ಕೋಟಿಗಳ ಟೆಂಡರು ಕರೆಯಬೇಕಾಗಿಲ್ಲ. ಮುಂದಿನ ಮುಂಗಾರಿಗೆ ಮುನ್ನ ಆಗಬಹುದಾದ ಕೆಲಸ.