ಚಿಪ್ ಅಲ್ಲ, ಕೈಗೆ ಚಿಪ್ಪು!

ಅಲ್ಲಾ ಸ್ವಾಮಿ, ಈಜು ಕಲಿಸ್ತೀವಿ ಅಂತ ಎರಡು ವರ್ಷ ಫೀಸು ತಗೊಂಡು, ಕೊಳದ ಫೋಟೋ ತೋರಿಸಿ ಸರ್ಟಿಫಿಕೇಟ್ ಕೊಟ್ಟರೆ ಸುಮ್ಮನಿರ್ತೀರಾ? ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ವಿಎಲ್‌ಎಸ್‌ಐ ಡಿಸೈನ್ ಎಂ.ಟೆಕ್ ನಡೆಯುತ್ತಿರುವುದು ಹೀಗೇ.

ಪ್ರಾಜೆಕ್ಟ್ ಏನಪ್ಪಾ ಅಂತ ಕೇಳಿ. ಮತ್ತದೇ ವೇದಿಕ್ ಮಲ್ಟಿಪ್ಲೈಯರ್! 'ಊರ್ಧ್ವ ತಿರ್ಯಗ್ಭ್ಯಾಂ' ಅಂತ ಹೆಸರೇನೋ ದೊಡ್ಡದು. ಒಳಗಿರುವುದು ಶಾಲೆಯಲ್ಲಿ ಕಲಿತ ಗುಣಾಕಾರವೇ, ಅಡ್ಡಸಾಲಿನ ಬದಲು ಕಂಬಸಾಲಿನಲ್ಲಿ ಕೂಡುತ್ತಾರೆ, ಅಷ್ಟೇ. ವೆರಿಲಾಗ್‌ನಲ್ಲಿ ಬರೆದು, ಸಿಮ್ಯುಲೇಷನ್ ಓಡಿಸಿ, ವೇವ್‌ಫಾರ್ಮಿನ ಸ್ಕ್ರೀನ್‌ಶಾಟ್ ಅಂಟಿಸಿದರೆ ಥೀಸಿಸ್ ರೆಡಿ. ಪುಣ್ಯವಿದ್ದರೆ ಎಫ್‌ಪಿಜಿಎ ಬೋರ್ಡಿನ ಮೇಲೆ ನಾಲ್ಕು ಎಲ್‌ಇಡಿ ಮಿನುಗುತ್ತವೆ.

ಸಿಮ್ಯುಲೇಷನ್ ಬೇಡ ಅಂತಲ್ಲ. ಆದರೆ ತಪ್ಪಿಗೆ ಬೆಲೆ ತೆರದೆ ಹಾರ್ಡ್‌ವೇರ್ ಕಲಿಯೋದು ಹೇಗೆ? ಸೆಟಪ್ ಟೈಮ್ ತಪ್ಪಿದರೆ ಕ್ಲಾಕ್ ನಿಧಾನ ಮಾಡಿಯಾದರೂ ಚಿಪ್ ಓಡಿಸಬಹುದು. ಹೋಲ್ಡ್ ಟೈಮ್ ತಪ್ಪಿತೋ, ಕ್ಲಾಕ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ, ಕಸದ ಬುಟ್ಟಿಗೆ. ನಮ್ಮಲ್ಲಿ ಇದು ಪರೀಕ್ಷೆಗೆ ಉರು ಹೊಡೆಯುವ ಪ್ರಶ್ನೆ ಮಾತ್ರ!

"ಫ್ಯಾಬ್ ದುಬಾರಿ ಕಣ್ರೀ" ಅಂತಾರೆ. ಪೂರ್ತಿ ವೇಫರ್ ಒಬ್ಬನಿಗೇ ಬೇಕೆಂದರೆ ದುಬಾರಿಯೇ. ಆದರೆ ಹತ್ತು ಮನೆಯವರು ಸೇರಿ ಮದುವೆಗೆ ಒಂದು ಟೆಂಪೋ ಮಾಡ್ಕೊಳ್ಳೋ ಹಾಗೆ, ಹಲವು ಡಿಸೈನುಗಳನ್ನು ಒಂದೇ ವೇಫರಿನಲ್ಲಿ ಕೂರಿಸುವುದು ಹಳೇ ಪದ್ಧತಿ. 1978ರಲ್ಲೇ ಲಿನ್ ಕಾನ್ವೇ ಎಂಐಟಿಯಲ್ಲಿ ಪಾಠ ಮಾಡಿ, ವಿದ್ಯಾರ್ಥಿಗಳ ಡಿಸೈನುಗಳನ್ನು ಹೀಗೆ ಒಟ್ಟುಗೂಡಿಸಿ ಕಳಿಸಿದ್ದರು. 1979ರ ಜನವರಿಯಲ್ಲಿ ಚಿಪ್‌ಗಳು ಕೈಸೇರಿದವು. ನಮ್ಮಲ್ಲೂ ಮೊಹಾಲಿಯ ಎಸ್‌ಸಿಎಲ್ ಇದೆ. ಐಐಟಿ ಮದ್ರಾಸಿನ 'ಶಕ್ತಿ' ಪ್ರೊಸೆಸರನ್ನು 2018ರಲ್ಲಿ ಅಲ್ಲಿ 180 ನ್ಯಾನೋಮೀಟರ್ ತಂತ್ರದಲ್ಲಿ ತಯಾರಿಸಿದರು. ಕೇಂದ್ರದ 'ಚಿಪ್ಸ್ ಟು ಸ್ಟಾರ್ಟಪ್' ಯೋಜನೆಯಲ್ಲಿ ವಿದ್ಯಾರ್ಥಿಗಳ ಡಿಸೈನುಗಳೂ ಅಲ್ಲಿ ಚಿಪ್ ಆಗಿವೆ. 180 ಹಳೇದಾಯ್ತು ಅಂತ ಮೂಗು ಮುರಿಯುವ ಪ್ರೊಫೆಸರುಗಳು ಮೊದಲು ಒಂದು ಮಾಡಿ ತೋರಿಸಲಿ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬಂದು ಕೂತ ಬೆಂಗಳೂರು ಇದು. ಇಂಥ ಊರಿಗೆ ಸಾಲ ಮಾಡಿ ಓದಲು ಬಂದ ಹುಡುಗ ಹುಡುಗಿಯರು ಎಂ.ಟೆಕ್ ಮುಗಿಸಿದ ಮೇಲೂ ಮತ್ತೆ ದುಡ್ಡು ಸುರಿದು ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಸೇರ್ತಾರೆ. ಹಾಗಾದರೆ ಕಾಲೇಜು ತಗೊಂಡ ಎರಡು ವರ್ಷದ ಫೀಸು ಯಾತಕ್ಕೆ?

ನಿಮ್ಮ ತಮ್ಮನೋ ತಂಗಿಯೋ ಈ ಕೋರ್ಸ್ ಸೇರುವವರಿದ್ದರೆ, ಮೊದಲು ಆ ಡಿಪಾರ್ಟ್‌ಮೆಂಟಿಗೆ ಹೋಗಿ "ನಿಮ್ಮ ಸ್ಟೂಡೆಂಟ್ಸ್ ಮಾಡಿದ ಒಂದು ಚಿಪ್ ತೋರಿಸಿ ಸಾರ್" ಅಂತ ಕೇಳಿ. ಪ್ಲೇಸ್‌ಮೆಂಟ್ ಬ್ರೋಷರ್ ಕೈಗಿಟ್ಟರೆ ಎದ್ದು ಬನ್ನಿ.