ಮೋಡಕ್ಕೂ ಕಲ್ಲಿದ್ದಲು ಬೇಕು

ಬಿಲ್ಲಿನ ಫೋಟೋ ‘ಕ್ಲೌಡ್’ನಲ್ಲಿದೆ ಎನ್ನುತ್ತಾರೆ ಮುದಗಲ್ಲಿನ ನಮ್ಮ ಅಂಗಡಿಕಾರ ಮಿತ್ರರು. ಮೋಡವೆಂದು ಹೆಸರಿಟ್ಟವರು ಜಾಣರು! ಅದಿರುವುದು ಡೇಟಾ ಸೆಂಟರ್ ಎಂಬ ಕಟ್ಟಡದಲ್ಲಿ. ಅಲ್ಲಿ ಯಂತ್ರಗಳು ಹಗಲಿರುಳು ಓಡಬೇಕು, ಕಾದ ಯಂತ್ರಗಳನ್ನು ತಣಿಸುತ್ತಲೇ ಇರಬೇಕು. ಕರೆಂಟು ಹೋದರೆ ನಮ್ಮ ಜಿನ್ನಿಂಗ್ ಮಿಲ್ಲು ನಿಲ್ಲುತ್ತದೆ. ಅಲ್ಲಿ ಡೀಸೆಲ್ ಜನರೇಟರ್ ಹೊಗೆ ಉಗುಳುತ್ತದೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಇಂಥ ಕಟ್ಟಡಗಳಿಗೇ ಹೋಯಿತು.

ಬೆಂಗಳೂರಿನ ಇಂಥ ಕಟ್ಟಡಗಳಿಗೆ ವಿದ್ಯುತ್ತು ಹರಿಯುವ ರಾಜ್ಯದ ಜಾಲಕ್ಕೆ ನಮ್ಮ ಜಿಲ್ಲೆಯ ಶಕ್ತಿನಗರವೂ 1985ರಿಂದ ಕಲ್ಲಿದ್ದಲು ಸುಟ್ಟು ಶಕ್ತಿ ತುಂಬುತ್ತಿದೆ. ನೀರು ಕೃಷ್ಣೆಯದು, ಬೂದಿ ಬೀಳುವುದು ರಾಯಚೂರು ಜಿಲ್ಲೆಯಲ್ಲಿ. ಲಾಭ ಯಾರದು? 2022ರ ನೀತಿಯಲ್ಲಿ ಸರಕಾರ ಡೇಟಾ ಸೆಂಟರುಗಳಿಗೆ ರಿಯಾಯಿತಿ ಸಾರಿತು. ರಿಯಾಯಿತಿ ಪಡೆದ ಪ್ರತಿ ಕಟ್ಟಡವೂ ಬಳಸಿದ ನೀರು, ವಿದ್ಯುತ್ತು, ಡೀಸೆಲಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕೆಂದು ನಾವು ಕೇಳುತ್ತೇವೆ.