ಎಫ್.ಆರ್.ಪಿ. ಹಾಳೆಗಳಲ್ಲಿ ಏಕರೂಪತೆ: ತೂಕದ ದರವನ್ನು ಕೈಬಿಡುವ ಕಾಲ

ಬಸ್ಸಿನ ಮುಂಭಾಗದ ಹೊದಿಕೆ, ಗಾಳಿಯಂತ್ರದ ಮೇಲ್ಕವಚ, ಜನರೇಟರ್‌ಗಳ ಛಾವಣಿ ಮುಂತಾದ ಅಗಲವಾದ, ಆದರೆ ತೆಳುವಾದ ಎಫ್.ಆರ್.ಪಿ. ಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಸಾಕಷ್ಟಿವೆ. ಈ ಘಟಕಗಳ ಬಗ್ಗೆ ಖರೀದಿದಾರರಿಂದ ಕೇಳಿಬರುವ ದೂರು ಬಹುಮಟ್ಟಿಗೆ ಒಂದೇ. ಒಪ್ಪಿಗೆಗೆ ಕಳುಹಿಸಿದ ಮಾದರಿ ಚೆನ್ನಾಗಿರುತ್ತದೆ. ಐವತ್ತನೆಯ ತುಣುಕು ಹಾಗಿರುವುದಿಲ್ಲ. ಒಂದು ಬಾಗಿರುತ್ತದೆ, ಇನ್ನೊಂದರ ಬೋಲ್ಟಿನ ರಂಧ್ರಗಳು ಕೂಡುವುದಿಲ್ಲ, ಮತ್ತೊಂದು ಬಣ್ಣ ಹಚ್ಚಿದ ಮೇಲೆ ಅಲೆಯಲೆಯಾಗಿ ಕಾಣುತ್ತದೆ. ಒಳ್ಳೆಯ ಯಂತ್ರಗಳಿಲ್ಲದಿರುವುದೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಈ ಲೇಖಕನ ಅಭಿಪ್ರಾಯದಲ್ಲಿ ತೊಂದರೆಯ ಬೇರು ಯಂತ್ರಕ್ಕಿಂತ ಮೊದಲು ನಾವು ಬೆಲೆ ಕಟ್ಟುವ ಕ್ರಮದಲ್ಲಿಯೇ ಇದೆ.

ನಮ್ಮಲ್ಲಿ ಎಫ್.ಆರ್.ಪಿ. ಕೆಲಸಕ್ಕೆ ಕಿಲೋಗೆ ಇಂತಿಷ್ಟು ಎಂದು ದರ ಹೇಳುವ ಪದ್ಧತಿ ಇನ್ನೂ ಉಳಿದಿದೆ. ಕಬ್ಬಿಣಕ್ಕೆ ಇದು ಸರಿಹೋಗಬಹುದು. ಎಫ್.ಆರ್.ಪಿ.ಯಲ್ಲಿ ಬಲ ಕೊಡುವುದು ಗಾಜಿನ ನಾರು, ತೂಕವನ್ನು ಸುಲಭವಾಗಿ ಕೂಡಿಸುವುದು ರೆಸಿನ್. ರೆಸಿನ್ ಧಾರಾಳವಾಗಿ ಸುರಿದರೆ ರೋಲರ್ ಎಳೆಯುವ ಶ್ರಮ ಉಳಿಯುತ್ತದೆ, ಬಿಲ್ಲಿನ ಮೊತ್ತವೂ ಏರುತ್ತದೆ. ಚೆನ್ನಾಗಿ ರೋಲರ್ ಹಾಕಿ ಹೆಚ್ಚುವರಿ ರೆಸಿನ್ ತೆಗೆದ ಕುಶಲಕರ್ಮಿಗೆ ಕಡಿಮೆ ಹಣ ಸಿಗುವ ವ್ಯವಸ್ಥೆಯಲ್ಲಿ ಗುಣಮಟ್ಟವನ್ನು ನಿರೀಕ್ಷಿಸುವುದು ಹೇಗೆ?

ಲೆಕ್ಕ ಕಠಿಣವಾದುದೇನಲ್ಲ. ಎರಡು ಚದರ ಮೀಟರ್ ವಿಸ್ತಾರದ ಒಂದು ಹಾಳೆಗೆ 450 ಗ್ರಾಂ ತೂಕದ ಮ್ಯಾಟ್ ಮೂರು ಪದರ ಹಾಕಿದರೆ ಗಾಜು 2.7 ಕಿಲೋ ಆಗುತ್ತದೆ. ಕೈಯಿಂದ ಹಾಸುವ ವಿಧಾನದಲ್ಲಿ ಗಾಜಿನ ಪಾಲು ಶೇ. 30 ಇರಬೇಕೆಂದು ಇಟ್ಟುಕೊಂಡರೆ, ರೆಸಿನ್ 6.3 ಕಿಲೋ, ಒಟ್ಟು 9 ಕಿಲೋ, ದಪ್ಪ ಸುಮಾರು 3 ಮಿ.ಮೀ. ಅದೇ ಹಾಳೆ ತಕ್ಕಡಿಯಲ್ಲಿ 10 ಕಿಲೋ ತೂಗಿದರೆ ಗ್ರಾಹಕನಿಗೆ ಸಿಕ್ಕ ಹೆಚ್ಚುವರಿ ಒಂದು ಕಿಲೋ ಬರಿಯ ರೆಸಿನ್. ಗಾಜಿನ ಪಾಲು ಶೇ. 27ಕ್ಕೆ ಇಳಿದಿರುತ್ತದೆ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇ. 5ರಿಂದ 8ರಷ್ಟು ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ. ಆದುದರಿಂದ ರೆಸಿನ್ ತುಂಬಿನಿಂತ ಕಡೆ ಹಾಳೆ ಹೆಚ್ಚು ಎಳೆದುಕೊಳ್ಳುತ್ತದೆ, ಪಕ್ಕದಲ್ಲಿ ಕಡಿಮೆ. ಅಗಲವಾದ ತೆಳುಹಾಳೆಗೆ ಈ ಎಳೆತವನ್ನು ತಡೆಯುವ ಬಿಗಿತವೇ ಇಲ್ಲದಿರುವುದರಿಂದ ಅದು ಸೊಟ್ಟಗಾಗುತ್ತದೆ. ಒಂದು ಬದಿಗೆ ನೇಯ್ದ ರೋವಿಂಗ್, ಇನ್ನೊಂದು ಬದಿಗೆ ಮ್ಯಾಟ್ ಹಾಕಿದಾಗಲೂ, ಪೂರ್ಣ ಗಟ್ಟಿಯಾಗುವ ಮುನ್ನವೇ ಅವಸರದಿಂದ ಅಚ್ಚಿನಿಂದ ಬಿಡಿಸಿದಾಗಲೂ ಇದೇ ಗತಿ.

ತುಣುಕಿಗೆ ಇಂತಿಷ್ಟು ಎಂದು ದರ ಹಿಡಿದು ಚೌಕಾಸಿ ಮಾಡುವ ವ್ಯಾಪಾರಿ ಮಿತ್ರರು ಇದನ್ನೋದಿ ಸಮಾಧಾನಪಡಬೇಕಾಗಿಲ್ಲ. ಅಲ್ಲಿ ತಯಾರಕನು ಉಲ್ಟಾ ದಾರಿ ಹಿಡಿಯುತ್ತಾನೆ. ಬಾಗುವಿಕೆಯನ್ನು ತಡೆಯುವ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 3 ಮಿ.ಮೀ. ಇರಬೇಕಾದಲ್ಲಿ 2.5 ಮಿ.ಮೀ. ಇದ್ದರೆ ಉಳಿಯುವ ಬಿಗಿತ ಸುಮಾರು ಶೇ. 58 ಮಾತ್ರ. ಅರ್ಧ ಮಿಲಿಮೀಟರ್ ಉಳಿಸಿದ ಲಾಭ ರಸ್ತೆಯ ಮೇಲೆ ಮೊದಲ ಮಳೆಗಾಲದಲ್ಲಿಯೇ ಬಿರುಕಾಗಿ ಹೊರಬರುತ್ತದೆ.

ದುಬಾರಿ ಯಂತ್ರಕ್ಕೆ ಸಾಲ ಮಾಡುವ ಮೊದಲು ಅಗ್ಗದ ಕೆಲವು ಕ್ರಮಗಳಿವೆ. ಕ್ಯಾಟಲಿಸ್ಟನ್ನು ಬಾಟಲಿಯ ಮುಚ್ಚಳದಲ್ಲಿ ಅಳೆಯುವುದನ್ನು ನಿಲ್ಲಿಸಿ ತೂಗಬೇಕು. ಉಷ್ಣತೆ 10 ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗತೊಡಗುವ ಸಮಯ ಸುಮಾರು ಅರ್ಧಕ್ಕಿಳಿಯುತ್ತದೆ. ಜನವರಿಯ ಬೆಳಗಿಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಒಂದೇ ಅಳತೆ ನಡೆಯದು. ಪ್ರತಿ ಪಾಳಿಯ ಆರಂಭದಲ್ಲಿ 100 ಗ್ರಾಂ ರೆಸಿನ್ ಕಲಸಿ ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಆ ದಿನದ ಅಳತೆ ತಾನಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಮ್ಯಾಟಿನ ಸುರುಳಿಗಳನ್ನು ನೆಲದ ಮೇಲಿಡದೆ ಒಣ ಕೋಣೆಯಲ್ಲಿಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಿಡಿಸಿದ ಪ್ರತಿ ತುಣುಕನ್ನೂ ತೂಗಿ ತೂಕವನ್ನು ಅದರ ಹಿಂಬದಿಯಲ್ಲಿಯೇ ಬರೆಯುವುದು ಎಲ್ಲಕ್ಕಿಂತ ಮುಖ್ಯ.

ಇಷ್ಟು ಶಿಸ್ತು ಬಂದ ಘಟಕಕ್ಕೆ ಮುಂದಿನ ಹೆಜ್ಜೆಯಾಗಿ ನಿರ್ವಾತದ ಸಹಾಯದಿಂದ ರೆಸಿನ್ ಹೀರಿಸುವ ವಿಧಾನ, ಅಂದರೆ ವ್ಯಾಕ್ಯೂಮ್ ಇನ್‌ಫ್ಯೂಷನ್, ಖಂಡಿತ ಲಾಭಕರ. ವಾತಾವರಣದ ಒತ್ತಡವೇ ಹಾಳೆಯ ಉದ್ದಗಲಕ್ಕೂ ಸಮನಾಗಿ ಬೀಳುವುದರಿಂದ ದಪ್ಪ ಏಕರೂಪವಾಗುತ್ತದೆ, ಸ್ಟೈರಿನ್ ವಾಸನೆಯಿಂದ ಕಾರ್ಮಿಕರಿಗೂ ಬಿಡುಗಡೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಒಂದು ನಳಿಕೆಯಿಂದ ರೆಸಿನ್ ದೂರ ಹರಿಯುವ ಸಮಯ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅರ್ಧ ಮೀಟರಿಗೆ 5 ನಿಮಿಷವಾದರೆ ಒಂದು ಮೀಟರಿಗೆ 20 ನಿಮಿಷ. ಅಗಲ ಹಾಳೆಗೆ ನಳಿಕೆಗಳನ್ನು ಎಲ್ಲಿ ಇಡಬೇಕೆಂಬುದನ್ನು ಮೊದಲೇ ನಿರ್ಧರಿಸದಿದ್ದರೆ ದೂರದ ಮೂಲೆ ಒಣಗಿಯೇ ಉಳಿಯುತ್ತದೆ. ಇನ್ನೊಂದು ಸಣ್ಣ ಸಂಗತಿ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾತಾವರಣದ ಒತ್ತಡ ಸುಮಾರು 685 ಮಿ.ಮೀ. ಪಾದರಸ ಮಾತ್ರ. ಕೈಪಿಡಿಯಲ್ಲಿ ಬರೆದ 740 ಅಂಕಿ ಡಯಲ್ ಮಾಪಕದಲ್ಲಿ ಬರಲಿಲ್ಲವೆಂದು ಇಲ್ಲದ ಸೋರಿಕೆಯನ್ನು ಹುಡುಕುವುದರಲ್ಲಿ ದಿನ ಕಳೆಯಬಾರದು. ಪಂಪನ್ನು ಮುಚ್ಚಿ, ಮುಳ್ಳು ಕೆಲವು ನಿಮಿಷ ಕದಲದೆ ನಿಲ್ಲುವುದೇ ಎಂದು ನೋಡುವುದು ಸರಿಯಾದ ಪರೀಕ್ಷೆ.

ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಹಂಸ ವಿಮಾನಕ್ಕೂ ತೇಜಸ್ ಯುದ್ಧವಿಮಾನಕ್ಕೂ ಸಂಯುಕ್ತ ವಸ್ತುಗಳ ಭಾಗಗಳನ್ನು ರೂಪಿಸಿದೆ. ಆ ಆಟೋಕ್ಲೇವ್ ತಂತ್ರ ಬಸ್ಸಿನ ಹೊದಿಕೆಗೆ ಬೇಕಾಗಿಲ್ಲ. ಆ ಕೆಲಸದಲ್ಲಿರುವ ದಾಖಲೆ ಬರೆಯುವ ಪದ್ಧತಿ ಮಾತ್ರ ಬೇಕು.

ಖರೀದಿ ಆದೇಶಗಳಲ್ಲಿ ಇನ್ನು ಮುಂದೆ ಕಿಲೋ ದರದ ಬದಲು ತುಣುಕಿನ ದರವಿರಲಿ. ಜೊತೆಗೆ ಕನಿಷ್ಠ ಹಾಗೂ ಗರಿಷ್ಠ ತೂಕ, ಗುರುತಿಸಿದ ಆರು ಕಡೆಗಳಲ್ಲಿ ದಪ್ಪದ ಮಿತಿ, ರೆಸಿನ್ ತಯಾರಕರು ಸೂಚಿಸಿದ ಬಾರ್ಕಾಲ್ ಗಡಸುತನದ ಶೇ. 90 ಎಂಬ ಷರತ್ತುಗಳನ್ನು ಬರೆಯಬೇಕು. ಗಾಜಿನ ಪಾಲು ತಿಳಿಯಲು ಮಾದರಿಯನ್ನು ಸುಟ್ಟು ತೂಗುವ ಕುಲುಮೆ, ಗಡಸುತನದ ಮಾಪಕ, ದಪ್ಪ ಅಳೆಯುವ ಉಪಕರಣ ಪ್ರತಿ ಸಣ್ಣ ಘಟಕಕ್ಕೂ ಎಟುಕುವುದು ಕಷ್ಟ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವಿದೆ. ಎಫ್.ಆರ್.ಪಿ. ಘಟಕಗಳ ಸದಸ್ಯರು ಒಟ್ಟಾಗಿ ಮುಂದೆ ಬಂದರೆ, ಅರ್ಜಿಯನ್ನು ಸಿದ್ಧಪಡಿಸುವ ಹೊಣೆಯನ್ನು ನಮ್ಮ ವಾಣಿಜ್ಯ ಸಂಸ್ಥೆಯೇ ವಹಿಸಿಕೊಳ್ಳಬೇಕೆಂದು ಸೂಚಿಸಬಯಸುತ್ತೇನೆ.